ಅಂಕೋಲೆಯಿಂದ ಕಾರವಾರಕ್ಕೆ: ಮಣ್ಣು, ಪದರು, ಬೆಂಕಿ

ಕಾರವಾರಕ್ಕೆ ಹೋಗುವವರು ಸಾಮಾನ್ಯವಾಗಿ ಕಡಲನ್ನು ನೋಡಲೆಂದೇ ಹೋಗುವರು. ೧೮೮೩ನೆಯ ಇಸವಿಯಲ್ಲಿ, ಇನ್ನೂ ಇಪ್ಪತ್ತೆರಡರ ಹರೆಯದಲ್ಲಿದ್ದ ರವೀಂದ್ರನಾಥ ಠಾಕೂರರು ಇಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದ ತಮ್ಮ ಅಣ್ಣ ಸತ್ಯೇಂದ್ರನಾಥರ ಬಳಿ ಕೆಲಕಾಲ ತಂಗಿದ್ದುದನ್ನು ನೆನೆದು, ಅವರ ಹೆಸರಿನ ಕಡಲತಡಿಯಲ್ಲಿ ಒಂದು ಸಂಜೆಯನ್ನು ಕಳೆದು ಹಿಂದಿರುಗುವರು. ಅಂಕೋಲೆಗೆ ಹೋಗುವವರು ೧೯೩೦ರ ಉಪ್ಪಿನ ಸತ್ಯಾಗ್ರಹವನ್ನು ನೆನೆಯುವರು. ವೈಶಾಖದಲ್ಲಿ ಹೋದವರಾದರೆ ಕರಿ ಈಶಾಡು ಮಾವಿನ ಹಣ್ಣನ್ನೂ ಮರೆಯಲಾರರು. ನಾವು ಈ ಸಲ ಹೋದುದು ಇವಾವುದಕ್ಕೂ ಅಲ್ಲ. ನಮ್ಮ ಕೈಚೀಲದಲ್ಲಿ ಅಂಗೈಯಗಲದ ಒಂದು ಕಪ್ಪು ಬಿಲ್ಲೆಯಿದ್ದಿತು. ಅದನ್ನು ಒಬ್ಬ ಕುಂಬಾರಗಿತ್ತಿಗೆ ತೋರಿಸಬೇಕೆಂಬುದು ನಮ್ಮ ಹಂಬಲವಾಗಿದ್ದಿತು.

ಬಿಲ್ಲೆಯು ನಮ್ಮ ಸೋದರಳಿಯನದು. ಅವನು ಬೆಂಗಳೂರಿನ ಒಂದು ಕಾರ್ಖಾನೆಯಲ್ಲಿ, ಅತಿಯಾದ ಉಷ್ಣವನ್ನು ತಾಳುವ ಬಿಡಿಭಾಗಗಳನ್ನು ಯಂತ್ರದಿಂದ ಪದರು ಪದರಾಗಿ ಕಟ್ಟುವ ಕೆಲಸದಲ್ಲಿದ್ದಾನೆ. ಚೌತಿಯ ಹಬ್ಬಕ್ಕೆ ಊರಿಗೆ ಬಂದವನು, "ಮಾವಾ, ಇದು ಸುಡುವಾಗ ಹಾಳಾದ ತುಂಡು, ನಿಮ್ಮ ಮೇಜಿನ ಮೇಲೆ ಕಾಗದ ಹಾರದಂತೆ ಇಟ್ಟುಕೊಳ್ಳಿ" ಎಂದು ಕೊಟ್ಟನು. ನೋಡಲು ಸುಟ್ಟ ಹಂಚಿನ ಚೂರಿನಂತಿದ್ದರೂ ಅದು ಹಂಚಲ್ಲ. ಸಿಲಿಕನ್ ಕಾರ್ಬೈಡ್ ಎಂಬ ಕಠಿಣ ದ್ರವ್ಯದ ಹುಡಿಯಲ್ಲಿ ಇಂಗಾಲದ ಸಣ್ಣ ಸಣ್ಣ ಎಳೆಗಳನ್ನು ಬೆರೆಸಿ, ಅಂಟಿನಿಂದ ನಾದಿ, ಯಂತ್ರದ ಮೂತಿಯಿಂದ ಸುರಿಸಿ, ಬಳಿಕ ಕುಲುಮೆಯಲ್ಲಿಟ್ಟು ಸುಟ್ಟುದು. ಬಿಲ್ಲೆಯ ಅಂಚನ್ನು ದೃಷ್ಟಿಸಿ ನೋಡಿದರೆ ಪುಸ್ತಕದ ಹಾಳೆಗಳಂತೆ ಗೆರೆಗಳು ಕಾಣುತ್ತಿದ್ದುವು. ಅವುಗಳಲ್ಲಿ ಒಂದು ಗೆರೆಯು ಬಾಯ್ಬಿಟ್ಟು ಬೆರಳಿನ ಉಗುರು ಹೋಗುವಷ್ಟು ಸಂದು ಬಿದ್ದಿತ್ತು.

ಈ ವಿದ್ಯೆಯ ಪರಿಚಯವಿಲ್ಲದ ವಾಚಕರಿಗಾಗಿ ಎರಡು ಮಾತು. ವಸ್ತುವನ್ನು ಮಾಡುವ ಬಗೆಗಳಲ್ಲಿ ಗಣಿತದ ಎರಡು ಕ್ರಿಯೆಗಳನ್ನು ಕಾಣಬಹುದು. ಶಿಲ್ಪಿಯು ಕಲ್ಲಿನಿಂದ ಬೇಡವಾದುದನ್ನು ಕೆತ್ತಿ ತೆಗೆಯುತ್ತಾನೆ, ಅದು ವ್ಯವಕಲನ. ಗೋಡೆ ಕಟ್ಟುವವನು ಕಲ್ಲಿನ ಮೇಲೆ ಕಲ್ಲನ್ನಿಡುತ್ತಾನೆ, ಅದು ಸಂಕಲನ. ಲೋಹದ ಕೆಲಸವು ನೂರಾರು ವರ್ಷಗಳಿಂದ ಬಹುಮಟ್ಟಿಗೆ ಎರಕ ಹೊಯ್ಯುವುದು, ಬಡಿಯುವುದು, ಕೊರೆದು ತೆಗೆಯುವುದು ಇವುಗಳಿಂದಲೇ ನಡೆಯುತ್ತ ಬಂದಿತು. ಈಚಿನ ಕೆಲವು ದಶಕಗಳಲ್ಲಿ ಸಂಕಲನವು ಅಲ್ಲಿಗೂ ಕಾಲಿಟ್ಟಿದೆ. ಇದನ್ನೇ ಜನರು ತ್ರೀ-ಡಿ ಪ್ರಿಂಟಿಂಗ್ ಎನ್ನುವರು. ಅದರಲ್ಲಿಯೂ ಬಗೆಗಳುಂಟು. ಒಂದು, ನಮ್ಮ ಮನೆಗಳ ಚಕ್ಕಲಿಯ ಒರಳಿನದು: ಹದವಾದ ಹಿಟ್ಟನ್ನು ಬಿಲ್ಲೆಯ ಕಂಡಿಯಿಂದ ಒತ್ತಿ ಸುತ್ತು ಸುತ್ತಾಗಿ ಇಳಿಸುವುದು. ಇಲ್ಲಿ ಒರಳನ್ನು ಹಿಡಿದ ಕೈಯು ಯಂತ್ರದ್ದು, ಲೆಕ್ಕವು ಗಣಕದ್ದು, ಅಷ್ಟೆ. ಬೆಂಗಳೂರಿನ ಕೇಂಬ್ರಿಜ್ ಲೇಔಟಿನಲ್ಲಿ ೨೦೨೩ರ ಆಗಸ್ಟ್ ೧೮ರಂದು ತೆರೆಯಲ್ಪಟ್ಟ ೧೦೨೧ ಚದರಡಿಯ ಅಂಚೆಮನೆಯ ಗೋಡೆಗಳು ಕಾಂಕ್ರೀಟಿನ ಚಕ್ಕಲಿಯಿಂದಲೇ ಎದ್ದುವು. ಇನ್ನೊಂದು ಬಗೆಯು ರಂಗವಲ್ಲಿಯದು: ಲೋಹದ ನುಣ್ಣನೆಯ ಹುಡಿಯನ್ನು ತೆಳ್ಳಗೆ ಹರಡಿ, ಬೇಕಾದ ಎಡೆಯಲ್ಲಿ ಮಾತ್ರ ಲೇಸರ್ ಕಿರಣದಿಂದ ಕರಗಿಸಿ ಗೆರೆ ಬರೆದು, ಅದರ ಮೇಲೆ ಮತ್ತೊಂದು ಹಾಸು ಹರಡಿ, ಮತ್ತೆ ಬರೆಯುವುದು. ಸಾವಿರಾರು ಹಾಸುಗಳಾದ ಮೇಲೆ ಉಳಿದ ಹುಡಿಯನ್ನು ಕೊಡವಿದರೆ ವಸ್ತುವು ಎದ್ದು ಬರುವುದು.

ಅಂಕೋಲೆಯ ಪೇಟೆಯಿಂದ ಗದ್ದೆಯ ಹಾಳಿಯ ಮೇಲೆ ಒಂದೂವರೆ ಮೈಲಿ ನಡೆದರೆ ಒಂದು ಕುಂಬಾರರ ಕೇರಿ. ಈ ಸೀಮೆಯಲ್ಲಿ ಮಡಕೆ ಮಾಡುವವರು ಗುನಗರು. ಅವರಲ್ಲಿ ಹಲವರು ಗ್ರಾಮದೇವತೆಗಳ ಪೂಜಾರಿಗಳೂ ಹೌದು. ದೇವರಿಗೆ ಕಲಶವನ್ನು ಹೊರುವ ಕೈಯೂ, ಮನೆಗೆ ಅನ್ನದ ಗಡಿಗೆಯನ್ನು ಕೊಡುವ ಕೈಯೂ ಒಂದೇ. ಒಂದು ಕಾಲಕ್ಕೆ ಕೇರಿಗೆಲ್ಲ ಆವಿಗೆಯ ಹೊಗೆ ಮುಸುಕುತ್ತಿದ್ದಿತಂತೆ. ನಾವು ಹೋದಾಗ ಮಣ್ಣು ತುಳಿಯುತ್ತಿದ್ದುದು ಒಂದೇ ಮನೆಯಲ್ಲಿ. ಎಪ್ಪತ್ತು ದಾಟಿದ ಮುದುಕಿ, ಅವಳಿಗೆ ನೆರವಾಗಿ ಇಪ್ಪತ್ತರೊಳಗಿನ ಮೊಮ್ಮಗ.

ಅವಳು ಅಂದು ಮಡಕೆಯನ್ನಲ್ಲ, ಒಲೆಯನ್ನು ಕಟ್ಟುತ್ತಿದ್ದಳು. ಮಡಕೆಗೆ ತಿಗುರಿ ಬೇಕು. ತಿರುಗಿಸಿ ಎತ್ತಿದ ಕುತ್ತಿಗೆಯ ಕೆಳಗಿನ ಒಡಲನ್ನು ಒಳಗೆ ಗುಂಡುಕಲ್ಲನ್ನೂ ಹೊರಗೆ ಮರದ ಸೊಳವನ್ನೂ ಹಿಡಿದು ತಟ್ಟಿ ತಟ್ಟಿ ತೆಳ್ಳಗೆ ಮಾಡಬೇಕು. ಒಲೆಗೆ ಅದಾವುದೂ ಬೇಡ. ಗದ್ದೆಯಡಿಯ ಜಿಗುಟು ಮಣ್ಣನ್ನು ಒಣಗಿಸಿ, ಕುಟ್ಟಿ, ಜರಡಿ ಹಿಡಿದು, ನೆನೆಹಾಕಿ, ಹೊಳೆಯ ಮರಳನ್ನೂ ಭತ್ತದ ಉಮಿಯನ್ನೂ ಬೆರೆಸಿ ತುಳಿದಿದ್ದರು. ಅದನ್ನು ಅವಳು ಅಂಗೈಗಳ ನಡುವೆ ಹೊಸೆದು ಹಗ್ಗದಂತೆ ಮಾಡಿ, ಅಡಿಯ ಮೇಲೆ ಒಂದು ಸುತ್ತು ಇಟ್ಟು, ಹೆಬ್ಬೆರಳಿನಿಂದ ಕೆಳಗಣ ಸುತ್ತಿಗೆ ತೀಡಿ ಬೆಸೆದು, ಮೇಲೆ ಇನ್ನೊಂದು ಸುತ್ತನ್ನಿಡುತ್ತಿದ್ದಳು. ಮೂರು ಸುತ್ತಾದ ಮೇಲೆ ಕೈತೊಳೆದು ಎದ್ದಳು. ಏಕೆಂದು ಕೇಳಿದೆವು. ಹಸಿಯಾಗಿಯೇ ಎತ್ತರಿಸಿದರೆ ತನ್ನ ಭಾರಕ್ಕೆ ತಾನೇ ಕುಸಿಯುವುದು. ಪೂರಾ ಒಣಗಿದ ಮೇಲೆ ಇಟ್ಟರೆ ಮೇಲಿನ ಸುತ್ತು ಕೆಳಗಿನದನ್ನು ಹಿಡಿಯದು. ಬೆರಳನ್ನೊತ್ತಿದರೆ ಗುರುತು ಬೀಳಬೇಕು, ಆದರೆ ಮಣ್ಣು ಅಂಟಬಾರದು. ಆ ಹದಕ್ಕೆ ಕಾಯಬೇಕು. ನಮ್ಮ ಅಳಿಯನು ಒಮ್ಮೆಗೇ ನಗೆಬೀರಿ, ಈ ಮೂರು ವಾಕ್ಯಗಳಿಗಾಗಿ ತಮ್ಮ ಕಾರ್ಖಾನೆಯು ಆರು ತಿಂಗಳು ಕಳೆಯಿತೆಂದನು.

ಉಮಿಯ ವಿಚಾರವು ಹೆಚ್ಚು ಸ್ವಾರಸ್ಯವಾದುದು. ಬರಿಯ ಜಿಗುಟು ಮಣ್ಣು ಬೆಂಕಿಗೆ ಒಡೆಯುವುದು ಏಕೆ? ಒಂದನೆಯದಾಗಿ ಒಳಗಿನ ನೀರು ಆವಿಯಾಗಿ ಹೊರಬರಲು ದಾರಿಯಿಲ್ಲದೆ ಸಿಡಿಯುವುದು. ಎರಡನೆಯದಾಗಿ ಉರಿಯ ಕಡೆಯ ಮೈ ಬೇಗ ಹಿಗ್ಗುವುದು, ಹೊರಮೈ ತಣ್ಣಗೆ ಇದ್ದಲ್ಲಿಯೇ ಇರುವುದು; ಈ ಎಳೆದಾಟದಲ್ಲಿ ಬಿರುಕು ಹುಟ್ಟುವುದು. ಹುಟ್ಟಿದ ಬಿರುಕು ಗಾಜಿನಲ್ಲಿ ಓಡುವಂತೆ ತಡೆಯಿಲ್ಲದೆ ಓಡುವುದು. ಉಮಿಯನ್ನು ಬೆರೆಸಿದ ಮಣ್ಣಿನಲ್ಲಿ ಹಾಗಾಗದು. ಉಮಿಯು ಸುಟ್ಟು ಹೋದ ಎಡೆಯಲ್ಲಿ ಸಣ್ಣ ಸಣ್ಣ ಪೊಳ್ಳುಗಳು ಉಳಿಯುವುವು. ಆವಿಗೆ ಅವೇ ಬಾಗಿಲು. ಓಡಿಬಂದ ಬಿರುಕಿನ ಚೂಪಾದ ಮೊನೆಯು ಪೊಳ್ಳಿಗೆ ಸಿಕ್ಕಿ ಮೊಂಡಾಗಿ ಅಲ್ಲಿಯೇ ನಿಲ್ಲುವುದು. ಉಮಿಯು ಪೂರಾ ಮಾಯವಾಗುವುದೂ ಇಲ್ಲ. ತನ್ನ ತೂಕದ ಸುಮಾರು ಐದರಲ್ಲೊಂದು ಪಾಲು ಬೂದಿಯನ್ನು ಬಿಡುವುದು, ಆ ಬೂದಿಯಲ್ಲಿ ನೂರಕ್ಕೆ ತೊಂಬತ್ತರಷ್ಟು ಸಿಲಿಕಾ, ಎಂದರೆ ಮರಳಿನ ಸತ್ತ್ವವೇ. ಎಳೆಗಳಿದ್ದರೆ ಇನ್ನೂ ಒಳ್ಳೆಯದು. ಬಿರುಕಿನ ಎರಡು ದಡಗಳನ್ನು ಸೇತುವೆಯಂತೆ ಹಿಡಿದು ನಿಲ್ಲಿಸುವುವು. ಒಂದು ದ್ರವ್ಯದ ದೋಷವನ್ನು ಇನ್ನೊಂದರ ಗುಣದಿಂದ ಮುಚ್ಚುವ ಇಂಥ ಬೆರಕೆಗೇ ಈಗಿನವರು ಕಾಂಪೋಜಿಟ್ ಎನ್ನುವುದು.

ಬಿಲ್ಲೆಯನ್ನು ಮುದುಕಿಯ ಕೈಗೆ ಕೊಟ್ಟೆವು. ಅವಳು ಮೊದಲು ಕಿವಿಯ ಬಳಿ ಹಿಡಿದು ಬೆರಳ ಗಿಣ್ಣಿನಿಂದ ತಟ್ಟಿದಳು. "ಸ್ವರ ಇಲ್ಲ, ಒಡೆದದ್ದು" ಎಂದಳು. ಆ ಬಳಿಕ ಅಂಚನ್ನು ಬಿಸಿಲಿಗೆ ಹಿಡಿದು ನೋಡಿ, "ಇದಕ್ಕೆ ಉಮಿ ಹಾಕಿದ್ದೋ, ಕೂದಲೋ?" ಎಂದು ಕೇಳಿದಳು. ಇಂಗಾಲದ ಎಳೆಯೆಂದು ಅಳಿಯನು ಹೇಳಲು, ಕೂದಲೆಂದೇ ತೀರ್ಮಾನಿಸಿಕೊಂಡಳು. ಕೆಳಗಿನ ಪದರು ಒಣಗಿದ ಮೇಲೆ ಮೇಲಿನದನ್ನಿಟ್ಟಿರಬೇಕೆಂದು ಅವಳ ನಿರ್ಣಯ. ಅಲ್ಲವೆಂದು ಅಳಿಯನು ತಲೆಯಾಡಿಸಿದನು. ಅವರ ಯಂತ್ರವು ಅಷ್ಟು ಹೊತ್ತು ಕಾಯುವುದೇ ಇಲ್ಲವಂತೆ. "ಹಾಗಾದರೆ ಬೆಂಕಿಯನ್ನು ಬೇಗ ಏರಿಸಿದ್ದೀರಿ. ಒಳಗಿದ್ದದ್ದು ಹೊರಗೆ ಬರಲಿಕ್ಕೆ ಹೊತ್ತು ಬೇಡವೆ?" ಎಂದಳು. ಈ ಸಲ ಅವನು ತಲೆಯಾಡಿಸಲಿಲ್ಲ. ನಾದಲು ಬಳಸಿದ ಅಂಟು ಕುಲುಮೆಯಲ್ಲಿ ಹೊಗೆಯಾಗಿ ಹೊರಡುವಾಗ ಪದರುಗಳ ನಡುವಿನ ದುರ್ಬಲವಾದ ಸಂದನ್ನೇ ಹುಡುಕುವುದಂತೆ. ಬಿಲ್ಲೆ ಒಡೆದುದಕ್ಕೆ ಅವರು ಬರೆದಿಟ್ಟ ಮೂರು ಕಾರಣಗಳಲ್ಲಿ ಅದೂ ಒಂದು.

ಇಲ್ಲಿ ಸಂಸ್ಕೃತವನ್ನು ಓದಿದವರು ಒಂದು ಮಾತನ್ನು ಹೇಳದಿರಲಾರರು. ಅಗ್ನಿಚಯನವೆಂಬ ಯಾಗದಲ್ಲಿ ಯಜಮಾನನು ಬೆಂಕಿಯನ್ನು ಒಂದು ಮಣ್ಣಿನ ಪಾತ್ರೆಯಲ್ಲಿಟ್ಟುಕೊಂಡು ವರ್ಷಕಾಲ ಹೊರಬೇಕಾಗುವುದು. ಆ ಪಾತ್ರೆಗೆ ಉಖೆಯೆಂದು ಹೆಸರು. ಅದನ್ನು ಮಾಡುವ ಮಣ್ಣಿಗೆ ಏನೇನು ಬೆರೆಸಬೇಕೆಂದು ತೈತ್ತಿರೀಯ ಸಂಹಿತೆಯ ಐದನೆಯ ಕಾಂಡವೂ ಶತಪಥ ಬ್ರಾಹ್ಮಣದ ಆರನೆಯ ಕಾಂಡವೂ ಹೇಳುತ್ತವೆ: ಹಳೆಯ ಮಡಕೆಯ ಚೂರುಗಳ ಹುಡಿ, ಹರಳು, ಆಡಿನ ಕೂದಲು, ಕಲ್ಲಿನ ಪುಡಿ, ಕಬ್ಬಿಣದ ಕಿಟ್ಟ. ಕಟ್ಟುವ ಕ್ರಮವೂ ಉಂಟು. ಅಡಿಯನ್ನು ಹರಡಿ, ಮೇಲೆ ಒಂದರ ಮೇಲೊಂದು ಸುತ್ತನ್ನು ಏರಿಸಬೇಕು. ತೈತ್ತಿರೀಯರು ಅದನ್ನು ತ್ರ್ಯುದ್ಧಿ, ಎಂದರೆ ಮೂರು ಪದರಿನದು, ಎಂದೇ ಕರೆದರು. ಪ್ರವರ್ಗ್ಯದ ಮಹಾವೀರವೆಂಬ ಪಾತ್ರೆಯೂ ಹೀಗೆಯೇ. ಕಾಯ್ದ ತುಪ್ಪಕ್ಕೆ ಹಾಲೆರೆದಾಗ ಏಳುವ ಉರಿಯ ಕಂಬವನ್ನು ತಾಳಬೇಕಾದ ಪಾತ್ರೆ ಅದು. ಬಾಲ್ಯದಲ್ಲಿ ಇವನ್ನು ಕಂಠಪಾಠ ಮಾಡುವಾಗ ನಮಗೆ ಆಡಿನ ಕೂದಲಿನ ಉಪಯೋಗವೇನೆಂದು ಹೊಳೆದಿರಲಿಲ್ಲ. ಅಧ್ಯಾಪಕರೂ ಅರ್ಥವಾದವನ್ನು ಹೇಳಿ ಮುಂದೆ ಸಾಗಿದರು.

ರಸಶಾಸ್ತ್ರದವರು ಇನ್ನೂ ಲೆಕ್ಕಾಚಾರದವರು. ರಸರತ್ನಸಮುಚ್ಚಯದ ಹತ್ತನೆಯ ಅಧ್ಯಾಯದಲ್ಲಿ ವಜ್ರಮೂಷೆಯೆಂಬ ಕರಗುಪಾತ್ರೆಗೆ ಮೂರು ಪಾಲು ಮಣ್ಣು, ಎರಡು ಪಾಲು ಸೆಣಬೂ ಕುದುರೆಯ ಲದ್ದಿಯೂ, ಒಂದು ಪಾಲು ಸುಟ್ಟ ಉಮಿ ಮತ್ತು ಕಲ್ಲು, ಅರ್ಧ ಪಾಲು ಕಿಟ್ಟ ಎಂದು ಅಳತೆಯೇ ಇದೆ. ನಮ್ಮ ನಾಡಿನಲ್ಲಿ ಇದು ಬರಿಯ ಪುಸ್ತಕದ ಮಾತಾಗಿರಲಿಲ್ಲ. ಚಿತ್ರದುರ್ಗ ಜಿಲ್ಲೆಯ ಗಟ್ಟಿಹೊಸಹಳ್ಳಿಯಲ್ಲಿ ಉಕ್ಕು ಮಾಡಿದ ಹಳೆಯ ಮೂಷೆಗಳ ಚೂರುಗಳು ಸಿಕ್ಕಿವೆ. ದಕ್ಷಿಣದ ಉಕ್ಕಿನ ಮೂಷೆಗಳನ್ನು ಪರೀಕ್ಷಿಸಿದ ವಿದ್ವಾಂಸರು ಅವುಗಳ ಕಪ್ಪು ಮೈಯಲ್ಲಿ ಉಮಿಯ ಇಂಗಾಲವನ್ನೂ ಸಿಲಿಕಾದ ಅಚ್ಚುಗಳನ್ನೂ ಕಂಡಿದ್ದಾರೆ.

ಇಷ್ಟನ್ನು ಹೇಳಿದೊಡನೆ ನಮ್ಮ ಮಿತ್ರರಲ್ಲಿ ಕೆಲವರು, "ಎಲ್ಲವೂ ನಮ್ಮಲ್ಲಿ ಆಗಲೇ ಇತ್ತು" ಎಂದು ಎದ್ದು ನಿಲ್ಲುವರು. ಅವರೊಡನೆ ನಮಗೆ ಸಮ್ಮತಿಯಿಲ್ಲ. ಉಖೆಯಿಂದ ರಾಕೆಟ್ಟಿನ ನಳಿಗೆಯಾಗಲಾರದು. ಋಷಿಗಳಿಗೆ ಅದು ಬೇಕಾಗಿಯೂ ಇರಲಿಲ್ಲ. ಅವರಿಗೆ ಬೇಕಾದುದು ಒಡೆಯದ ಒಂದು ಪಾತ್ರೆ. ಅದಕ್ಕಾಗಿ ಕುಂಬಾರರ ಅನುಭವವನ್ನು ಮಂತ್ರದೊಳಗೆ ಕಟ್ಟಿಟ್ಟರು. ಇಷ್ಟನ್ನು ಒಪ್ಪಿಕೊಂಡರೆ ಅವರ ಗೌರವವೇನೂ ಕಡಮೆಯಾಗದು.

ಒಲೆಯೊಂದನ್ನು, ಮೊದಲೇ ಮಾಡಿ ನೆರಳಿನಲ್ಲಿ ಒಣಗಿಸಿದ್ದನ್ನು, ಕೊಂಡು ಬಸ್ಸಿಗೆ ಹೊರಟೆವು. ಮೊಮ್ಮಗನೇ ಅದನ್ನು ಹೊತ್ತು ತಂದನು. ದಾರಿಯಲ್ಲಿ ಅವನ ವಿಷಯ ತಿಳಿಯಿತು. ಐ.ಟಿ.ಐ. ಮುಗಿಸಿದ್ದಾನೆ, ಕಾರವಾರದ ನೌಕಾ ಹಡಗು ದುರಸ್ತಿ ಅಂಗಳದಲ್ಲಿ ಅಪ್ರೆಂಟಿಸ್ ಆಗಿ ಸೇರಲು ಅರ್ಜಿ ಹಾಕಿದ್ದಾನೆ. ಅಜ್ಜಿಗೆ ಅದು ಸಮ್ಮತವಿಲ್ಲ. ನಾವು ಹೊರಡುವ ಮುನ್ನ ಅವಳು ನಮ್ಮನ್ನು ಮರೆಗೆ ಕರೆದು, "ಅಲ್ಲಿ ಹಡಗಿಗೆ ಬೆಂಕಿ ಬಿದ್ದು ಒಬ್ಬ ಹುಡುಗ ಸತ್ತನಲ್ಲ, ಇವನನ್ನು ಅಲ್ಲಿಗೆ ಕಳಿಸಬಹುದೋ? ಓದಿದವರು ನೀವು ಹೇಳಿ" ಎಂದು ಕೇಳಿದ್ದಳು. ಏನು ಹೇಳಬೇಕೆಂದು ತೋಚದೆ, ವಿಚಾರಿಸಿ ಹೇಳುವೆವೆಂದು ಬಂದಿದ್ದೆವು.

ಅಂಕೋಲೆಯಿಂದ ಕಾರವಾರಕ್ಕೆ ಹಾದಿಯು ಹತ್ತಿರ ಹತ್ತಿರ ಮೂವತ್ತೈದು ಕಿಲೋಮೀಟರು. ಅವರ್ಸೆ, ಹಾರವಾಡ ದಾಟುವವರೆಗೆ ಎಡಕ್ಕೆ ತೆಂಗಿನ ತೋಪುಗಳ ಸಂದಿನಲ್ಲಿ ಕಡಲು ಮಿಂಚುವುದು, ಬಲಕ್ಕೆ ಸಹ್ಯಾದ್ರಿಯ ಸೆರಗು. ತೊಡೂರು, ಅಮದಳ್ಳಿ ಕಳೆದ ಮೇಲೆ ಬೆಟ್ಟಗಳು ಕಡಲಿಗೇ ಇಳಿದು ಬರುವುವು. ಅಲ್ಲಿಂದ ಅರಗಾ, ಬಿಣಗಾದ ಕಡೆಗೆ ಕಡಲಿಗೂ ನಮಗೂ ನಡುವೆ ಉದ್ದನೆಯ ಕಾವಲು ಗೋಡೆ. ಇದೇ ಐ.ಎನ್.ಎಸ್. ಕದಂಬ ನೌಕಾನೆಲೆ. ಇದಕ್ಕಾಗಿ ಕಾರವಾರ, ಅಂಕೋಲೆ ತಾಲೂಕುಗಳ ಕರಾವಳಿಯ ಹಳ್ಳಿಗಳಿಂದ ಸಾವಿರಾರು ಕುಟುಂಬಗಳು ಎದ್ದು ಹೋದುವು. ನೆಲೆಯು ೨೦೦೫ರ ಮೇ ೩೧ರಂದು ಆರಂಭವಾಯಿತು. ಬನವಾಸಿಯ ಅರಸರ ಹೆಸರನ್ನು ಇಟ್ಟವರು ಯಾರೋ, ಅವರಿಗೆ ಚರಿತ್ರೆಯ ಅಭಿರುಚಿಯಿದ್ದಿತು.

ಈ ಗೋಡೆಯಾಚೆಗೆ ನೆಲೆಗೊಂಡ ಹಡಗುಗಳಲ್ಲಿ ಐ.ಎನ್.ಎಸ್. ವಿಕ್ರಮಾದಿತ್ಯವು ಬಲು ದೊಡ್ಡದು: ೨೮೪ ಮೀಟರು ಉದ್ದ, ಸುಮಾರು ೪೫,೦೦೦ ಟನ್ನು ಭಾರ. ರಷ್ಯರಿಂದ ಕೊಂಡ ಹಡಗು. ಅದರ ಚಕ್ರಯಂತ್ರಗಳನ್ನು ತಿರುಗಿಸುವುದು ಎಂಟು ಬಾಯ್ಲರುಗಳ ಹಬೆ. ೨೦೧೨ರಲ್ಲಿ ರಷ್ಯದ ಉತ್ತರದ ಕಡಲಿನಲ್ಲಿ ಪರೀಕ್ಷೆ ನಡೆದಾಗ ಎಂಟರಲ್ಲಿ ಏಳು ಬಾಯ್ಲರುಗಳು ಕೆಟ್ಟುವು. ಕಾರಣವು ಯಂತ್ರದ ಯಾವ ಸೂಕ್ಷ್ಮ ಅಂಗವೂ ಅಲ್ಲ. ಬಾಯ್ಲರಿನ ಒಳಗೋಡೆಯ ಶಾಖತಡೆ. ಹಿಂದಿನ ಕಾಲದಲ್ಲಿ ಇಂಥಲ್ಲಿ ಆಸ್ಬೆಸ್ಟಾಸನ್ನು ಹಾಕುತ್ತಿದ್ದರು. ಅದರ ನವಿರಾದ ಎಳೆಗಳು ಉಸಿರಿನೊಡನೆ ಶ್ವಾಸಕೋಶವನ್ನು ಹೊಕ್ಕು ಪ್ರಾಣಕ್ಕೇ ಎರವಾಗುವುದೆಂದು ಭಾರತವು ಅದನ್ನು ಬೇಡವೆಂದಿತು. ಅದಕ್ಕೆ ಬದಲಾಗಿ ಇಟ್ಟ ಬೆಂಕಿಯ ಇಟ್ಟಿಗೆಗಳು ಪೂರ್ಣ ವೇಗದ ಉರಿಯನ್ನು ತಾಳಲಾರದೆ ಹೋದುವು. ಹಡಗು ಕೈಸೇರುವುದು ಒಂದು ವರ್ಷದಷ್ಟು ತಡವಾಗಿ, ೨೦೧೩ರ ನವೆಂಬರಿನಲ್ಲಿ ಭಾರತಕ್ಕೆ ಒಪ್ಪಿಸಲ್ಪಟ್ಟು, ೨೦೧೪ರ ಜನವರಿಯಲ್ಲಿ ಕಾರವಾರಕ್ಕೆ ಬಂದಿತು. ಇಷ್ಟು ದೊಡ್ಡ ಹಡಗು ಇಟ್ಟಿಗೆಗಾಗಿ ನಿಂತಿತೆಂಬುದನ್ನು ಮುದುಕಿಗೆ ಹೇಳಿದ್ದರೆ ಅವಳಿಗೆ ಸ್ವಲ್ಪವೂ ಆಶ್ಚರ್ಯವಾಗುತ್ತಿರಲಿಲ್ಲ.

ಅವಳು ನೆನೆಸಿಕೊಂಡ ಬೆಂಕಿಯು ೨೦೧೯ರ ಏಪ್ರಿಲ್ ೨೬ರದು. ಅದೇ ಹಡಗು ಕಾರವಾರ ಬಂದರನ್ನು ಪ್ರವೇಶಿಸುತ್ತಿದ್ದಾಗ ಒಂದು ವಿಭಾಗದಲ್ಲಿ ಬೆಂಕಿಯೆದ್ದಿತು. ಆರಿಸಲು ಮುಂದಾಗಿ ಹೋದ ಯುವ ಅಧಿಕಾರಿಯೊಬ್ಬರು ಹೊಗೆಯಲ್ಲಿ ಪ್ರಜ್ಞೆ ತಪ್ಪಿ, ಬದುಕಿ ಉಳಿಯಲಿಲ್ಲ. ಬೆಂಕಿಯನ್ನು ಅದರ ಎಡೆಯಲ್ಲಿಯೇ ನಿಲ್ಲಿಸುವ ಗೋಡೆ, ಕೊಳವೆ, ಕವಾಟಗಳ ವಿಚಾರವು ಪುಸ್ತಕದಲ್ಲಿ ಓದಿದಾಗ ಒಂದು ಬಗೆ. ಆ ಗೋಡೆಯ ಪಕ್ಕದಲ್ಲಿ ಬಸ್ಸಿನಲ್ಲಿ ಕುಳಿತು, ಮಡಿಲಲ್ಲಿ ಒಲೆಯಿಟ್ಟುಕೊಂಡು ಯೋಚಿಸುವಾಗ ಬೇರೊಂದು ಬಗೆ.

ಕಾರವಾರ ತಾಲೂಕಿನಲ್ಲಿಯೇ ಪದರಿನ ಇನ್ನೊಂದು ಕಥೆಯಿದೆ. ಕಾಳೀ ನದಿಯ ದಡದಲ್ಲಿ ಮೇಲಕ್ಕೆ ಹೋದರೆ ಕೈಗಾ. ಅಲ್ಲಿಯ ಅಣುವಿದ್ಯುತ್ ಕೇಂದ್ರವನ್ನು ಕಟ್ಟುತ್ತಿದ್ದಾಗ, ೧೯೯೪ರ ಮೇ ೧೩ರಂದು, ಒಂದನೆಯ ಘಟಕದ ಒಳಗುಮ್ಮಟದ ಕಾಂಕ್ರೀಟು ಅಡಿಯ ಕಡೆಯಿಂದ ಹೊಪ್ಪಳೆಯಂತೆ ಪದರು ಬಿಟ್ಟು ಕುಸಿಯಿತು. ಇಂಧನವನ್ನು ಇನ್ನೂ ತುಂಬಿರಲಿಲ್ಲವಾದುದರಿಂದ ವಿಕಿರಣದ ಭಯವಿರಲಿಲ್ಲ. ಕೆಲಸಗಾರರಲ್ಲಿ ಕೆಲವರು ಗಾಯಗೊಂಡರು. ಗುಮ್ಮಟದೊಳಗೆ ಬಿಗಿದ ಉಕ್ಕಿನ ಹುರಿಗಳ ಎಳೆತವು ಕಾಂಕ್ರೀಟನ್ನು ಅದರ ದಪ್ಪದ ಅಡ್ಡಕ್ಕೆ ಸೀಳುವಂತಿದ್ದು, ಆ ದಿಕ್ಕಿನಲ್ಲಿ ಹಿಡಿದು ನಿಲ್ಲಿಸುವ ಕಂಬಿಗಳು ಸಾಲದೆ ಹೋಗಿದ್ದುವು. ಉದ್ದಕ್ಕೂ ಅಗಲಕ್ಕೂ ಬಲವಿದ್ದ ವಸ್ತುವು ದಪ್ಪದಲ್ಲಿ ಸೋತಿತು. ಪದರಿನಿಂದ ಕಟ್ಟಿದ ಎಲ್ಲ ವಸ್ತುಗಳಿಗೂ ಇದೇ ಮರ್ಮಸ್ಥಾನ. ಗುಮ್ಮಟವನ್ನು ಹೊಸ ರಚನೆಯಲ್ಲಿ ಮತ್ತೆ ಕಟ್ಟಿದರು. ಅದೇ ಒಂದನೆಯ ಘಟಕವು ೨೦೧೬ರ ಮೇ ೧೩ರಿಂದ ೨೦೧೮ರ ಡಿಸೆಂಬರ್ ೩೧ರವರೆಗೆ ೯೬೨ ದಿನ ಎಡೆಬಿಡದೆ ನಡೆದು ಜಗತ್ತಿನ ದಾಖಲೆಯನ್ನು ಮಾಡಿತು. ತಾರೀಖು ಒಂದೇ ಆದುದು ಕಾಕತಾಳೀಯ.

ಅಳಿಯನ ಕಾರ್ಖಾನೆಯವರ ಚಿಂತೆಯೂ ಇದೇ. ಅಗ್ಗದ ಯಂತ್ರಗಳಲ್ಲಿ ಬಳಸುವ ಪ್ಲಾಸ್ಟಿಕ್ಕು ಅರವತ್ತು ಡಿಗ್ರಿಗೇ ಮೆತ್ತಗಾಗುವುದು. ಬಿಸಿಲಿನಲ್ಲಿ ನಿಲ್ಲಿಸಿದ ಕಾರಿನೊಳಗೆ ಇಟ್ಟರೆ ಸೊಟ್ಟಗಾಗುವುದು. ಪೀಕ್ ಎಂಬ ಮೇಲ್ತರದ ಪ್ಲಾಸ್ಟಿಕ್ಕಿಗೆ ಇಂಗಾಲದ ಎಳೆ ಬೆರೆಸಿದರೆ ಇನ್ನೂರೈವತ್ತು ಡಿಗ್ರಿಯವರೆಗೆ ನೆಚ್ಚಬಹುದು. ಅದಕ್ಕೂ ಮೇಲಕ್ಕೆ ಹೋಗಬೇಕಾದರೆ ಲೋಹ, ಅದನ್ನೂ ಮೀರಿದರೆ ಸುಟ್ಟ ಮಣ್ಣಿನ ಜಾತಿಯ ದ್ರವ್ಯಗಳು. ಲೋಹದಲ್ಲಿ ಕೈ ಕುದುರಿದೆ. ಪಿ.ಎಸ್.ಎಲ್.ವಿ. ರಾಕೆಟ್ಟಿನ ನಾಲ್ಕನೆಯ ಹಂತದ ಎಂಜಿನನ್ನು ನಮ್ಮ ಬಾಹ್ಯಾಕಾಶ ಸಂಸ್ಥೆಯು ರಂಗವಲ್ಲಿಯ ಕ್ರಮದಿಂದ, ಬೆಂಗಳೂರಿನ ವಿಪ್ರೋ ತ್ರೀ-ಡಿಯವರಲ್ಲಿ ಮಾಡಿಸಿ, ೨೦೨೪ರ ಮೇ ೯ರಂದು ಮಹೇಂದ್ರಗಿರಿಯಲ್ಲಿ ೬೬೫ ಸೆಕೆಂಡು ಉರಿಸಿ ನೋಡಿತು. ಹಿಂದೆ ಹದಿನಾಲ್ಕು ತುಂಡುಗಳನ್ನು ಹತ್ತೊಂಬತ್ತು ಬೆಸುಗೆಗಳಿಂದ ಕೂಡಿಸುತ್ತಿದ್ದುದು ಒಂದೇ ತುಂಡಾಯಿತು. ೫೬೫ ಕಿಲೋಗ್ರಾಂ ಲೋಹವನ್ನು ಕೊರೆದು ಮಾಡುತ್ತಿದ್ದುದಕ್ಕೆ ೧೩.೭ ಕಿಲೋಗ್ರಾಂ ಹುಡಿ ಸಾಕಾಯಿತು. ಗೃಹಸ್ಥರಿಗೆ ಈ ಲೆಕ್ಕದ ಬೆಲೆಯನ್ನು ಬಿಡಿಸಿ ಹೇಳಬೇಕಾಗಿಲ್ಲ.

ಅದೇ ಎಂಜಿನಿನ ಬಾಲಕ್ಕೆ ಸೇರುವ ನಳಿಗೆಯನ್ನು ಅದೇ ವರ್ಷ ಇನ್ನೊಂದು ದಾರಿಯಿಂದ ಸಾಧಿಸಿದರು. ಮೊದಲು ಅದು ಕೊಲಂಬಿಯಂ ಮಿಶ್ರಲೋಹದ್ದಾಗಿದ್ದಿತು. ತಿರುವನಂತಪುರದ ವಿಕ್ರಮ್ ಸಾರಾಭಾಯಿ ಕೇಂದ್ರದವರು ಇಂಗಾಲದ ಎಳೆಗಳನ್ನು ಇಂಗಾಲದಲ್ಲಿಯೇ ನೆಟ್ಟ ಕಾಂಪೋಜಿಟ್ ನಳಿಗೆಯನ್ನು ಮಾಡಿದರು. ತೂಕವು ನೂರಕ್ಕೆ ೬೭ರಷ್ಟು ಇಳಿಯಿತು. ಇಂಗಾಲವೆಂದರೆ ಇದ್ದಿಲಿನ ಬಂಧುವಷ್ಟೆ. ಗಾಳಿಯ ಆಮ್ಲಜನಕ ಸೋಕಿದರೆ ಉರಿದು ಹೋಗಬೇಕು. ಅದಕ್ಕಾಗಿ ಮೇಲೆ ಸಿಲಿಕನ್ ಕಾರ್ಬೈಡಿನ ಲೇಪ. ೨೦೨೪ರ ಏಪ್ರಿಲ್ ೨ರಂದು ೨೦೦ ಸೆಕೆಂಡು ಉರಿಸಿದಾಗ ಅದರ ಮೈ ೯೪೩ ಡಿಗ್ರಿ ಸೆಂಟಿಗ್ರೇಡಿನವರೆಗೆ ಕಾಯ್ದಿತು. ನಮ್ಮ ಕುಂಬಾರರ ಆವಿಗೆಯ ಶಾಖವೂ ಚೆನ್ನಾಗಿ ಉರಿದರೆ ಹತ್ತಿರ ಹತ್ತಿರ ಅಷ್ಟೇ. ಆದರೆ ನಳಿಗೆಯು ಆ ಶಾಖದಲ್ಲಿ ಸುಮ್ಮನೆ ಕುಳಿತಿರುವುದಿಲ್ಲ. ಅದರೊಳಗಿಂದ ಬಿರುಗಾಳಿಯನ್ನೂ ಮೀರಿದ ವೇಗದಲ್ಲಿ ಉರಿ ನುಗ್ಗುತ್ತಿರುವುದು. ಲೋಹವನ್ನು ಮುದ್ರಿಸುವವರು ಒಂದು ಕಡೆ, ಎಳೆಯ ಕಾಂಪೋಜಿಟ್ಟನ್ನು ಹೆಣೆದು ಬೇಯಿಸುವವರು ಇನ್ನೊಂದು ಕಡೆ. ಈ ಎರಡನ್ನೂ ಕೂಡಿಸಿ, ಎಳೆ ಬೆರೆತ ಸುಡುದ್ರವ್ಯವನ್ನೇ ಯಂತ್ರದ ಮೂತಿಯಿಂದ ಇಳಿಸಬೇಕೆಂಬುದು ಅಳಿಯನಂಥವರ ಹಟ. ಒಣಗುವಾಗ ಕುಗ್ಗುವುದು, ಸುಡುವಾಗ ಮತ್ತೆ ಕುಗ್ಗುವುದು, ಆದುದರಿಂದ ಬೇಕಾದ ಅಳತೆಗಿಂತ ದೊಡ್ಡದಾಗಿ ಕಟ್ಟಬೇಕಾಗುವುದು, ಎಳೆಗಳು ಸುರಿದ ದಿಕ್ಕಿಗೇ ಮಲಗುವುದು, ಪದರಿನಿಂದ ಪದರಿಗೆ ದಾಟದೆ ಇರುವುದು: ಇವೆಲ್ಲ ಅವನಿಗೆ ದಿನದ ಕಾಟಗಳು. ಕೊನೆಯದಕ್ಕೆ ಒಳ್ಳೆಯ ಮದ್ದು ಅವರಿಗಿನ್ನೂ ಸಿಕ್ಕಿಲ್ಲವಂತೆ. ಮುದುಕಿಯು ಹೆಬ್ಬೆರಳಿನಿಂದ 'ತೀಡಿ ಬೆಸೆಯುವುದನ್ನು' ಅವನು ಫೋನಿನಲ್ಲಿ ಚಿತ್ರ ಹಿಡಿದುಕೊಂಡುದು ಇದಕ್ಕಾಗಿಯೇ.

ಸಂಜೆಗೆ ಮುಂಚೆ ಕಾರವಾರವನ್ನು ಮುಟ್ಟಿದೆವು. ಕಡಲತಡಿಯ ಯುದ್ಧನೌಕೆ 'ಚಪಲ'ದ ಬಳಿಯಲ್ಲಿಯೇ ಈಗ ದೊಡ್ಡದೊಂದು ವಿಮಾನವೂ ಪ್ರದರ್ಶನಕ್ಕಿದೆ. ೧೯೮೮ರಿಂದ ೨೦೧೭ರವರೆಗೆ ನೌಕಾಪಡೆಯಲ್ಲಿ ದುಡಿದ ಟುಪೊಲೆವ್ ಜಾತಿಯದು. ಮಕ್ಕಳು ಅದರ ರೆಕ್ಕೆಯಡಿಯಲ್ಲಿ ನಿಂತು ಚಿತ್ರ ತೆಗೆಸಿಕೊಳ್ಳುತ್ತಿದ್ದರು. ನಮ್ಮ ಕಣ್ಣು ಮಾತ್ರ ಅದರ ನಾಲ್ಕು ಎಂಜಿನುಗಳ ಮೇಲೆಯೇ ನೆಟ್ಟಿತ್ತು. ಒಮ್ಮೆ ಬೆಂಕಿಯ ವಿಚಾರ ತಲೆಗೆ ಹೊಕ್ಕರೆ ಸಮುದ್ರದ ಸೊಬಗನ್ನೂ ನೋಡಗೊಡದು.

ಕೋಡಿಬಾಗದ ತಂಗಿಯ ಮನೆಯಲ್ಲಿ ಆ ರಾತ್ರಿ ಅಳಿಯನೊಡನೆ ಮುದುಕಿಯ ಪ್ರಶ್ನೆಯನ್ನು ಎತ್ತಿದೆವು. ಹುಡುಗನನ್ನು ಕಳಿಸಲೇಬೇಕೆಂದು ಅವನ ಮತ. ಮಣ್ಣಿನ ಹದ ಬಲ್ಲವನು ದುರಸ್ತಿಯ ಅಂಗಳದಲ್ಲಿ ಬೇಗ ಕಲಿಯುವನು. ಬೆಂಕಿಯ ಅಪಾಯ ಎಲ್ಲಿಲ್ಲ? ತಂಗಿಯ ಮತ ಬೇರೆ: ಅವನು ಹೋದ ಮೇಲೆ ಆ ಮುದುಕಿಗೆ ಮಣ್ಣು ತುಳಿದು ಕೊಡುವವರಾರು? ಇಬ್ಬರ ಮಾತೂ ನಿಜವೇ. ಮರುದಿನ ನಾವು ಅಂಕೋಲೆಗೆ ಫೋನು ಮಾಡಿ, ಅಲ್ಲಿ ಸೇರುವವರಿಗೆ ಬೆಂಕಿಯಿಂದ ಕಾಯ್ದುಕೊಳ್ಳುವ ಶಿಕ್ಷಣ ಕೊಡುವರೇ ಎಂಬುದನ್ನು ಮೊದಲು ಕೇಳಿಕೊಳ್ಳಬೇಕೆಂದು ಮೊಮ್ಮಗನಿಗೆ ಹೇಳಿದೆವು. ಮುದುಕಿಗೆ ಕೊಡೆಂದಾಗ ಅವಳು ಆ ಪ್ರಸ್ತಾಪವನ್ನೇ ಎತ್ತಲಿಲ್ಲ, "ಒಲೆ ಹೊತ್ತಿಸಿದಿರಾ?" ಎಂದಷ್ಟೇ ಕೇಳಿದಳು.

ಹೊತ್ತಿಸುವ ಕ್ರಮವನ್ನು ಅವಳು ಹೇಳಿಕೊಟ್ಟಿದ್ದಳು. ಹಿತ್ತಲಿನ ನೆರಳಿನಲ್ಲಿ ಇನ್ನೂ ಎಂಟು ದಿನ ಇಡಬೇಕು. ಮೊದಲನೆಯ ದಿನ ತೆಂಗಿನ ಗರಿಯ ಸಣ್ಣ ಉರಿ, ಅರ್ಧ ಗಳಿಗೆ ಸಾಕು. ಎರಡನೆಯ ದಿನ ಒಂದು ಗಳಿಗೆ. ಮೂರನೆಯ ದಿನ ಕಟ್ಟಿಗೆ. ಅಡುಗೆಗೆ ಗ್ಯಾಸಿನ ಒಲೆಯಿದ್ದುದರಿಂದ ಇದನ್ನು ಸ್ನಾನದ ನೀರಿಗೆ ಇಡಿಸಿದೆವು. ಮೂರನೆಯ ದಿನದ ಉರಿಗೆ ಎರಡನೆಯ ಸುತ್ತಿನ ಮೇಲೆ, ಕೂದಲೆಳೆಯಷ್ಟು, ಒಂದು ಗೆರೆ ಕಾಣಿಸಿತು. ಸೆಗಣಿಯಲ್ಲಿ ಬೂದಿ ಕಲಸಿ ಸಾರಿಸಲು ಅವಳು ಹೇಳಿದ್ದಳು. ತಂಗಿಯು ಸಾರಿಸಿದಳು, ಅಳಿಯನು ಗೆರೆಯ ಉದ್ದವನ್ನು ಅಳೆದು ಬರೆದುಕೊಂಡನು.